ತೃಪ್ತನಾಗಿದ್ದಾನೆಂದು ಭಾವಿಸತಕ್ಕದ್ದು

ಗುತ್ತಿಗೆದಾರನು ನೆಲವನ್ನು ಖುದ್ದಾಗಿ ಕಂಡು
ತೃಪ್ತನಾಗಿದ್ದಾನೆಂದು ಭಾವಿಸತಕ್ಕದ್ದು.

ಈ ಸಾಲಿರುವ ಕಾಗದವನ್ನು
ಎಷ್ಟು ಸಲ ಪ್ರಿಂಟು ತೆಗೆದಿದ್ದೇನೋ.
ಬೋರೇಗೌಡರು ಓದದೆಯೇ ಸಹಿ ಹಾಕುತ್ತಾರೆ,
ಪುಟಕ್ಕೊಂದು, ಎಡಗೈಯಲ್ಲಿ ಕಾಫಿ ಲೋಟ.
ಅವರು ತೃಪ್ತರಾದದ್ದನ್ನು ಮಾತ್ರ
ಹಾಸನದಲ್ಲಿ ಯಾರೂ ಕಂಡಿಲ್ಲ.

ಪೆನ್ಷನ್ ಮೊಹಲ್ಲಾದ ನಾಲ್ಕನೇ ಅಡ್ಡರಸ್ತೆ.
ಒಳಚರಂಡಿ. ಮುನ್ನೂರು ಮಿಲಿಮೀಟರಿನ ಕೊಳವೆ,
ಆಳ ಹನ್ನೊಂದು ಅಡಿ.
ಮಣ್ಣು ನೋಡಲೆಂದು ಇಲಾಖೆ ಕೊರೆದದ್ದು ಎರಡೇ ತೂತು,
ಒಂದು ಮಸೀದಿಯ ತಿರುವಿನಲ್ಲಿ,
ಇನ್ನೊಂದು ಹಾಲಿನ ಬೂತಿನ ಹಿಂದೆ.
ನಡುವಿನ ಇನ್ನೂರಿಪ್ಪತ್ತು ಮೀಟರು
ಹೀಗೇ ಇದ್ದೀತೆಂದು ಒಂದು ಗೆರೆ,
ಸ್ಕೇಲಿಟ್ಟು ಎಳೆದದ್ದು.

ದರಪಟ್ಟಿಯಲ್ಲಿ ನೆಲಕ್ಕೆ ನಾಲ್ಕು ಜಾತಿ:
ಮೆತುಮಣ್ಣು, ಗಟ್ಟಿಮಣ್ಣು, ಮೆದುಬಂಡೆ, ಗಟ್ಟಿಬಂಡೆ.
ಪಿಕಾಸಿ ಇಳಿದರೆ ಇಷ್ಟು, ಇಳಿಯದಿದ್ದರೆ ಇಷ್ಟು.
ಗುರುವಾರ ಹತ್ತೂವರೆಗೆ
ನಮಗೆ ಐದನೆಯದು ಸಿಕ್ಕಿತು.

ಜೆಸಿಬಿಯ ಹಲ್ಲು ಗಾಳಿಗೆ ಹೋಯಿತು.
ರಸ್ತೆ ತನ್ನೊಳಗೆ ತಾನೇ ಸುರಿದುಕೊಂಡಿತು.
ಕಂದಕದೊಳಗಿದ್ದ ಯಲ್ಲಬೋವಿ
ಒಂದು ಚಪ್ಪಲಿ ಅಲ್ಲೇ ಬಿಟ್ಟು ಮೇಲೆ ಬಂದ.
ಬಗ್ಗಿ ನೋಡಿದೆವು:
ದುಂಡಗೆ ಕಟ್ಟಿದ ಕಲ್ಲು, ಮೂರು ಪಾವಟಿಗೆ,
ಕೆಳಗೆ ಕಪ್ಪು ನೀರು, ಅದರಲ್ಲಿ ನಮ್ಮ ತಲೆಗಳು.

ಬಾವಿ.
ನಕ್ಷೆಯಲ್ಲಿ ಇಲ್ಲ.

ಹದಿನಾಲ್ಕು ದಿನದೊಳಗೆ ಲಿಖಿತ ನೋಟಿಸು ಕೊಡಬೇಕು.
ಅದು ನನ್ನ ಕೆಲಸ.
ನೀರೆತ್ತಿದ ಪಂಪು, ತುಂಬಿದ ಮರಳು,
ನಿಂತ ಯಂತ್ರ, ಕುಳಿತ ಜನ,
ಎಲ್ಲ ಸೇರಿ ಆರು ಲಕ್ಷದ ನಲವತ್ತು ಸಾವಿರ.
ಅನುಭವಿ ಗುತ್ತಿಗೆದಾರನೂ ಊಹಿಸಲಾಗದ ಸ್ಥಿತಿ
ಎಂದು ಬರೆದು
ಊಹಿಸಲಾಗದ ಎಂಬುದರ ಕೆಳಗೆ ಗೆರೆ ಹಾಕಿದೆ.

ಜಂಟಿ ತಪಾಸಣೆಯ ದಿನ ಎದುರುಮನೆಯ ಬೀಬಿಜಾನ್,
ಕಿಟಕಿಯಿಂದ ನೋಡಿ ನೋಡಿ ಸಾಕಾಗಿ,
ಕೋಲೂರಿಕೊಂಡು ಬಂದರು.
"ನಮ್ಮತ್ತೆ ನೀರು ಸೇದಿದ ಬಾವಿ ಅದು ತಾಯಿ.
ನಾನು ಮದುವೆಯಾಗಿ ಬಂದ ವರ್ಷ
ಕಾಲರಾ ಅಂತ ಚಪ್ಪಡಿ ಹಾಕಿ ಮುಚ್ಚಿದ್ರು.
ಜೋರು ಮಳೆ ಬಂದ್ರೆ ಈಗ್ಲೂ ಒಳಗೆ ಗುಳುಗುಳು ಅಂತದೆ.
ಬಂದು ಒಂದು ಮಾತು ಕೇಳಿದ್ರೆ
ಈ ಕೋಲಲ್ಲೇ ಗೀಚಿ ತೋರಿಸ್ತಿದ್ದೆ."

ಇಲಾಖೆಯ ನಳಿನಾಕ್ಷಿ ಮೇಡಂ ಪಕ್ಕದಲ್ಲೇ ಇದ್ದರು.
ಪೆನ್ನಿನ ಮುಚ್ಚಳ ತೆಗೆದರು.
ಏನು ಬರೆದರೆಂದು ಇಣುಕದೆಯೇ ಗೊತ್ತು:
ಬೀದಿಯ ಮುದುಕಿಗೆ ತಿಳಿದಿದ್ದ ಸಂಗತಿ
ಅನುಭವಿ ಗುತ್ತಿಗೆದಾರನಿಗೆ ತಿಳಿದಿರಬೇಕಿತ್ತು.

ಇರಬೇಕಿತ್ತು, ಹೌದು.
ಇಲಾಖೆಗೂ ಇರಬೇಕಿತ್ತು.
ತೂತು ಕೊರೆಯುವ ಯಂತ್ರಕ್ಕೆ ದಿನಕ್ಕೆ ಒಂಬತ್ತು ಸಾವಿರ,
ಬಾಗಿಲು ತಟ್ಟುವುದಕ್ಕೆ
ದರಪಟ್ಟಿಯಲ್ಲಿ ಬಾಬತ್ತೇ ಇಲ್ಲ.

"ಅಜ್ಜಿ ಹೇಳಿದ್ದು ನಮ್ಮ ಕಾಗದದಲ್ಲಿ ಬೇಡ" ಅಂದರು ಗೌಡರು.
ನಾನೂ ಬರೆಯಲಿಲ್ಲ.

ಕಡತ ಈಗ ಬೆಂಗಳೂರಿನಲ್ಲಿ ಪರಿಶೀಲನೆಯಲ್ಲಿದೆ.
ಕುಳಿತ ಜನ ಎಂದು ನಾನು ಬರೆದವರ ಪೈಕಿ
ಒಬ್ಬನೂ ಕುಳಿತಿರಲಿಲ್ಲ,
ನಾಲ್ಕು ದಿನ ಬಕೆಟ್ಟಿನಲ್ಲಿ ಕೆಸರೆತ್ತಿದರು.
ಯಲ್ಲಬೋವಿಯ ಜೊತೆ ನಮ್ಮ ಕರಾರಿಗೆ ಕಾಗದವಿಲ್ಲ,
ಕಲಂ ಇಲ್ಲ, ನೋಟಿಸಿಲ್ಲ.
ಅಡಿಗಿಷ್ಟು. ಸಿಕ್ಕಿದ್ದು ಸಿಕ್ಕ ಹಾಗೆ.
ಆ ನಾಲ್ಕು ದಿನ ಒಂದಡಿಯೂ ಮುಂದೆ ಹೋಗಲಿಲ್ಲವಲ್ಲ,
ಅದಕ್ಕೇ ಏನೂ ಇಲ್ಲ.

ಕೊಳವೆಗೆ ಇನ್ನೂರಕ್ಕೊಂದು ಇಳಿಜಾರು ಕೊಡಬೇಕು,
ಮಟ್ಟ ಹಿಡಿದು, ದಾರ ಕಟ್ಟಿ.
ಕರಾರಿಗೆ ಕೊಡಬೇಕಿಲ್ಲ,
ತಾನಾಗಿ ಇರುತ್ತದೆ.

ಇವತ್ತು ಐದನೇ ಅಡ್ಡರಸ್ತೆಯ ಕಾಗದ ಬಂದಿದೆ.
ಪ್ರಿಂಟರು ಬಿಸಿಯಾಗುತ್ತಿದೆ.
ಹೊರಗೆ ಬೆಂಚಿನ ಮೇಲೆ ಯಲ್ಲಬೋವಿ,
ಕಾಲಲ್ಲಿ ಹೊಸ ಚಪ್ಪಲಿ.
"ಅಲ್ಲಿ ಕೆಳಗೆ ಏನೈತಂತೆ ಮೇಡಮ್ಮಾ?"

ಪುಟ ತಿರುವಿ ನೋಡಿದೆ.
ಒಂದು ಗೆರೆ ಇತ್ತು.
ನೇರವಾಗಿತ್ತು.